ಇಂಪ್ಲಾಂಟ್ ಮೇಲಿನ ಕ್ಯಾಪ್: ಜಿರ್ಕೋನಿಯಾ ಎಲ್ಲಿ, ಲೋಹ ಎಲ್ಲಿ

“ಯಾವುದು ಗಟ್ಟಿ, ಅದನ್ನ ಹಾಕ್ರಿ ಡಾಕ್ಟರ್” ಎನ್ನುವವರಿಗೆ ನನ್ನ ಉತ್ತರ ಒಂದೇ: ದವಡೆ ಮೂಳೆಯಲ್ಲಿ ಕೂರಿಸಿದ ಇಂಪ್ಲಾಂಟ್ ಎಂಬ ಕೃತಕ ಬೇರಿನ ಮೇಲಿನ ಕ್ಯಾಪು ಜಿರ್ಕೋನಿಯಾ ಎಂಬ ಬಿಳಿ ಸಿರಾಮಿಕ್‌ನದಿರಲಿ, ಕೋಬಾಲ್ಟ್-ಕ್ರೋಮ್ ಲೋಹದ್ದಿರಲಿ, ಗಟ್ಟಿತನಕ್ಕೆ ಎರಡರಲ್ಲೂ ಕೊರತೆಯಿಲ್ಲ. ದವಡೆ ಹಲ್ಲಿಗೆ ಬಳಸುವ 3ವೈ ಎಂಬ ಬಗೆಯ ಜಿರ್ಕೋನಿಯಾದ ಬಾಗುಬಲ (ಬಾಗಿಸಿದಾಗ ಮುರಿಯದೆ ತಡೆಯುವ ಒತ್ತಡ) 900ರಿಂದ 1200 ಮೆಗಾಪ್ಯಾಸ್ಕಲ್. ಕೋಬಾಲ್ಟ್-ಕ್ರೋಮ್ ಬಾಯೊಳಗೆ ಮುರಿಯುವುದು ಅಪರೂಪ. ಕೈಕೊಡುವುದು ಎರಡು ವಸ್ತು ಕೂಡುವ ಜಾಗ. ಮೆಟಲ್ ಸಿರಾಮಿಕ್‌ನಲ್ಲಿ ಲೋಹದ ಮೇಲಿನ ಪೋರ್ಸಲಿನ್ ಸಿಡಿಯುತ್ತದೆ, ಅದರ ಬಲ ನೂರು ಮೆಗಾಪ್ಯಾಸ್ಕಲ್ ಆಸುಪಾಸು ಅಷ್ಟೇ. ಜಿರ್ಕೋನಿಯಾದಲ್ಲಿ ಕ್ಯಾಪ್ ಹಾಗೇ ಇರುತ್ತದೆ, ಅದನ್ನು ಇಂಪ್ಲಾಂಟಿಗೆ ಜೋಡಿಸುವ ಒಳಗಿನ ಟೈಟಾನಿಯಂ ಬೇಸ್‌ನಿಂದ ಬಿಟ್ಟುಬರುತ್ತದೆ. ಹಾಗಾಗಿ ಬೆಳಗಾವಿಯ ನನ್ನ ಕ್ಲಿನಿಕ್ಕಿನಲ್ಲಿ ವಸ್ತು ಆರಿಸುವಾಗ ಬಲದ ಅಂಕಿಗಿಂತ ಈ ಕೂಡುವ ಜಾಗವನ್ನೇ ಹೆಚ್ಚು ನೋಡುತ್ತೇನೆ.

ಮೊದಲು ಅಳೆಯುವುದು ಎತ್ತರ. ಹಲ್ಲು ಕೀಳಿಸಿ ಐದಾರು ವರ್ಷ ಹಾಗೇ ಬಿಟ್ಟು ಬರುವವರು ನಮ್ಮ ಕಡೆ ಬಹಳ. ಅಷ್ಟರೊಳಗೆ ಎದುರಿನ ಹಲ್ಲು ಖಾಲಿ ಜಾಗಕ್ಕೆ ಜಾರಿ ಬಂದಿರುತ್ತದೆ. ಇಂಪ್ಲಾಂಟಿನ ಮೇಲ್ತುದಿಯಿಂದ ಎದುರು ಹಲ್ಲಿನವರೆಗೆ 7 ಮಿ.ಮೀ.ಗಿಂತ ಹೆಚ್ಚಿದ್ದರೆ ಸ್ಕ್ರೂ ಹಾಕುವ ಇಡಿ ಜಿರ್ಕೋನಿಯಾ ಕ್ಯಾಪ್ ಧೈರ್ಯವಾಗಿ ಬರೆಯುತ್ತೇನೆ. ಅದಕ್ಕಿಂತ ಕಡಿಮೆಯಿದ್ದರೆ ಲ್ಯಾಬಿನವರು ಕ್ಯಾಪ್ ಅಂಟುವ ಬೇಸ್‌ನ ಕಂಬವನ್ನು ಕತ್ತರಿಸಿ ಗಿಡ್ಡ ಮಾಡುತ್ತಾರೆ. 4 ಮಿ.ಮೀ.ಗಿಂತ ಗಿಡ್ಡ ಕಂಬದ ಮೇಲೆ ಅಂಟನ್ನು ನಂಬಿ ಕೂರಬಾರದು. ಅಂಥಲ್ಲಿ ಕಚ್ಚುವ ಮೇಲ್ಮೈಯೂ ಲೋಹದ್ದೇ ಆದ ಕೋಬಾಲ್ಟ್-ಕ್ರೋಮ್ ಕ್ಯಾಪನ್ನು ನೇರ ಇಂಪ್ಲಾಂಟಿಗೆ ಸ್ಕ್ರೂ ಮಾಡುತ್ತೇನೆ. ಅಂಟೇ ಇಲ್ಲದ ಮೇಲೆ ಬಿಡುವ ಮಾತೂ ಇಲ್ಲ. ಎರಡನೇ ದವಡೆ ಹಲ್ಲಾದರೆ ನಕ್ಕಾಗ ಕಾಣುವುದೂ ಇಲ್ಲ.

ಇನ್ನು ಅಂಟಿಸುವ ಕೆಲಸ. ಲ್ಯಾಬಿನಲ್ಲಿ ಅಂಟಿಸಿ ಕಳಿಸಿದ್ದಕ್ಕಿಂತ ನಾನೇ ಟೇಬಲ್ ಮೇಲೆ ಅಂಟಿಸಿದ್ದರ ಮೇಲೆ ನನಗೆ ಭರವಸೆ ಹೆಚ್ಚು. ಬೇಸನ್ನು ಅನಲಾಗ್‌ಗೆ (ಇಂಪ್ಲಾಂಟಿನ ನಕಲು ತುಂಡು) ಸ್ಕ್ರೂ ಮಾಡಿ ಹಿಡಿಯುತ್ತೇನೆ. ಇಂಪ್ಲಾಂಟಿನೊಳಗೆ ಕೂರುವ ಭಾಗ ಇದರಿಂದ ಬಚಾವಾಗುತ್ತದೆ. ಒಸಡಿಗೆ ತಾಗುವ ನುಣುಪು ಪಟ್ಟಿಗೆ ಮೇಣ ಬಳಿಯುತ್ತೇನೆ. ಕಂಬದ ಮೇಲೆ 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಗಾಳಿಯಿಂದ ಊದುತ್ತೇನೆ: 2 ಬಾರ್ ಒತ್ತಡ, 10 ಮಿ.ಮೀ. ದೂರದಿಂದ, ಹೊಳಪು ಪೂರ್ತಿ ಹೋಗಿ ಮಂಕು ಬೂದು ಬಣ್ಣ ಬರುವವರೆಗೆ. ಜಿರ್ಕೋನಿಯಾದ ಒಳಮೈಗೆ ಅದೇ ಪುಡಿ, ಆದರೆ ಒಂದೂವರೆ ಬಾರ್ ಮೀರುವುದಿಲ್ಲ. ಒತ್ತಡ ಏರಿಸಿದರೆ ಮೇಲ್ಮೈಯಲ್ಲಿ ಸೂಕ್ಷ್ಮ ಬಿರುಕು ಬೀಳುತ್ತವೆ. ಎರಡನ್ನೂ ಅಲ್ಟ್ರಾಸಾನಿಕ್‌ನಲ್ಲಿ ಆಲ್ಕೋಹಾಲ್ ಹಾಕಿ 5 ನಿಮಿಷ ಬಿಟ್ಟು, ಒಣಗಿಸಿ, ಎಂಡಿಪಿ (ಲೋಹ, ಜಿರ್ಕೋನಿಯಾ ಎರಡನ್ನೂ ಹಿಡಿಯುವ ಫಾಸ್ಫೇಟ್ ರಾಸಾಯನಿಕ) ಇರುವ ಪ್ರೈಮರ್ ಹಚ್ಚಿ ಒಂದು ನಿಮಿಷ ಕಾಯುತ್ತೇನೆ. ಸ್ಕ್ರೂ ತೂತಿಗೆ ಟೆಫ್ಲಾನ್ ಟೇಪ್ ತುರುಕಿ, ತಾನೇ ಗಟ್ಟಿಯಾಗುವ ಅಪಾರದರ್ಶಕ ರೆಸಿನ್ ಸಿಮೆಂಟನ್ನು ಕಂಬದ ಮೇಲರ್ಧಕ್ಕೆ ಮಾತ್ರ ತೆಳ್ಳಗೆ ಹಚ್ಚಿ, ಕ್ಯಾಪ್ ಒತ್ತಿ ಹಿಡಿಯುವುದು. ತುಂಬಾ ಹಚ್ಚಿದರೆ ಕ್ಯಾಪ್ ಪೂರ್ತಿ ಕೂರದೆ ಎತ್ತರ ಬರುತ್ತದೆ. ಹೊರಬಂದ ಸಿಮೆಂಟನ್ನು ಬ್ರಷ್‌ನಿಂದ ಒರೆಸಿ, ಅಂಚಿಗೆ ಗ್ಲಿಸರಿನ್ ಜೆಲ್ ಬಳಿದು, ಪೂರ್ತಿ ಗಟ್ಟಿಯಾದ ಮೇಲೆ ರಬ್ಬರ್ ವ್ಹೀಲಿನಿಂದ ಅಂಚು ಪಾಲಿಶ್.

ಕೆಡುವುದು ಎಲ್ಲಿ? ಕ್ಯಾಪ್ ಬಿಟ್ಟು ಬಂದಾಗ ಸಿಮೆಂಟು ಯಾವುದಕ್ಕೆ ಅಂಟಿಕೊಂಡಿದೆ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಪೂರ್ತಿ ಬೇಸ್ ಮೇಲೇ ಉಳಿದಿದ್ದರೆ ತಪ್ಪು ಜಿರ್ಕೋನಿಯಾದ ಕಡೆಯದು. ಬಾಯಲ್ಲಿ ಇಟ್ಟು ನೋಡಿದ ಮೇಲೆ ಎಂಜಲು ತಾಗಿದ ಒಳಮೈಯನ್ನು ಬರೀ ನೀರಲ್ಲಿ ತೊಳೆದಿರುತ್ತಾರೆ, ಇಲ್ಲವೇ ಹಲ್ಲಿಗೆ ಹಚ್ಚುವ ಫಾಸ್ಫಾರಿಕ್ ಆಸಿಡ್ ಇದಕ್ಕೂ ಹಚ್ಚಿರುತ್ತಾರೆ. ಎಂಡಿಪಿ ಹಿಡಿಯಬೇಕಾದ ಜಾಗವನ್ನು ಎಂಜಲಿನ ಮತ್ತು ಆಸಿಡ್ಡಿನ ಫಾಸ್ಫೇಟ್ ಮೊದಲೇ ಹಿಡಿದುಬಿಡುತ್ತದೆ. ಬಾಯಲ್ಲಿ ನೋಡುವುದು ಮೊದಲು, ಅಲ್ಯುಮಿನಾ ಆಮೇಲೆ. ಬೆಳಗಾವಿ ಮಳೆಗಾಲದ್ದು ಇನ್ನೊಂದು ಕಾಟ: ಪುಡಿ ಊದುವ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಸೇರಿ ಗಾಳಿಯ ಜೊತೆ ತೇವವೂ ಎಣ್ಣೆಯೂ ಬರುತ್ತದೆ. ಜೂನ್‌ನಿಂದ ದಿನಾ ಬೆಳಿಗ್ಗೆ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ನೀರು ಬಿಡಬೇಕು. ಗಾಜಿನ ಮೇಲೆ ಗಾಳಿ ಊದಿ ನೋಡಿದರೆ ಎಣ್ಣೆ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಟೈಟಾನಿಯಂ ಬೇಸೇ ಬೇಡ, ಅಡಿಯವರೆಗೂ ಜಿರ್ಕೋನಿಯಾದ್ದೇ ಅಬಟ್‌ಮೆಂಟ್ (ಇಂಪ್ಲಾಂಟಿಗೂ ಕ್ಯಾಪಿಗೂ ನಡುವಿನ ಕೊಂಡಿ) ಮಾಡಿಕೊಡುತ್ತೇವೆ ಎನ್ನುವ ಲ್ಯಾಬುಗಳಿವೆ. ನಾನು ಒಪ್ಪುವುದಿಲ್ಲ. ಜಿರ್ಕೋನಿಯಾ ಟೈಟಾನಿಯಂಗಿಂತ ಬಹಳ ಕಠಿಣ; ಇಂಪ್ಲಾಂಟಿನ ಒಳಗಿನ ಷಟ್ಕೋನವನ್ನು ಸವೆಸುತ್ತದೆ. ತಾನು ಮುರಿದರೆ ತುಂಡು ಒಳಗೇ ಸಿಕ್ಕಿಕೊಳ್ಳುತ್ತದೆ.

ಮುಂದಿನ ಹಲ್ಲಿಗೆ ಲೆಕ್ಕ ಬೇರೆ. ಒಸಡು 2 ಮಿ.ಮೀ.ಗಿಂತ ತೆಳುವಿದ್ದರೆ ಲೋಹದ ಬೂದು ಛಾಯೆ ಹೊರಗೆ ಕಾಣುತ್ತದೆ, ಅಲ್ಲಿ ಜಿರ್ಕೋನಿಯಾ ಬಿಟ್ಟು ಬೇರೆ ಮಾತಿಲ್ಲ. ಒಸಡಿನೊಳಗಿನ ಭಾಗಕ್ಕೆ ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಬೇಡ, ಪಾಲಿಶ್ ಮಾತ್ರ ಎಂದು ಲ್ಯಾಬ್ ಚೀಟಿಯಲ್ಲಿ ಬರೆದೇ ಕಳಿಸಬೇಕು. ಬಾಗಲಕೋಟೆ, ವಿಜಯಪುರ ಕಡೆಯ ಬೋರ್ ನೀರು ಕುಡಿದು ಬೆಳೆದವರಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಕಲೆ ಸಾಮಾನ್ಯ. ಸುಣ್ಣದಂಥ ಬಿಳಿ ಪಟ್ಟೆ, ನಡುನಡುವೆ ಕಂದು. ಇವರಿಗೆ ಎ2, ಎ3 ಎಂಬ ಸಿದ್ಧ ಬಣ್ಣದ ಸಂಕೇತ ಬರೆದರೆ ಉಪಯೋಗವಿಲ್ಲ. ಹಲ್ಲು ಒಣಗುವ ಮೊದಲೇ ಶೇಡ್ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಫೋಟೊ ತೆಗೆಯುತ್ತೇನೆ. ಒಣಗಿದ ಹಲ್ಲು ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ತುಟಿಯ ಕಡೆ ಮಾತ್ರ ಅರ್ಧ ಮಿ.ಮೀ. ಪೋರ್ಸಲಿನ್ ಪದರ, ಒಳಗಡೆ ಕಚ್ಚುವ ಜಾಗದಲ್ಲಿ ಬರೀ ಜಿರ್ಕೋನಿಯಾ.

ಬ್ರಿಡ್ಜಿಗೆ (ಒಂದಕ್ಕೊಂದು ಕೂಡಿಸಿ ಮಾಡಿದ ಹಲ್ಲುಗಳ ಸಾಲು) ಬಂದರೆ ಲೋಹದ ಕೈ ಮೇಲು. ದವಡೆಯಲ್ಲಿ ಮೂರು ಹಲ್ಲಿನ ಜಿರ್ಕೋನಿಯಾ ಬ್ರಿಡ್ಜಿಗೆ ಹಲ್ಲು ಹಲ್ಲಿನ ನಡುವಿನ ಕೂಡುಗೊಂಡಿಯ ಅಡ್ಡಕೊಯ್ತ ಕನಿಷ್ಠ 9 ಚದರ ಮಿ.ಮೀ. ಇರಲೇಬೇಕು. ಹಲ್ಲು ಗಿಡ್ಡವಿದ್ದರೆ ಅಷ್ಟು ದಪ್ಪ ಮಾಡಿದಾಗ ಬ್ರಷ್ ಹೋಗಲು ಸಂದೇ ಉಳಿಯುವುದಿಲ್ಲ. ಉದ್ದ ಬ್ರಿಡ್ಜಿಗೆ ಲೇಸರ್ ಸಿಂಟರಿಂಗ್‌ನಲ್ಲಿ (ಲೋಹದ ಪುಡಿಯನ್ನು ಲೇಸರ್‌ನಿಂದ ಬೆಸೆದು) ಮಾಡಿದ ಕೋಬಾಲ್ಟ್-ಕ್ರೋಮ್ ಬರೆಯುತ್ತೇನೆ, ಎರಕ ಹೊಯ್ದದ್ದಲ್ಲ. ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿಯ ಎಕ್ಸ್‌ರೇ ತೆಗೆದು, ಸಂದು ಕಂಡರೆ ವಾಪಸ್. ಪೋರ್ಸಲಿನ್ ಎಲ್ಲೂ 2 ಮಿ.ಮೀ.ಗಿಂತ ದಪ್ಪ ಆಗದಂತೆ ಒಳಗಿನ ಲೋಹವನ್ನೇ ಹಲ್ಲಿನ ಆಕಾರಕ್ಕೆ ತರಿಸಬೇಕು. ಆಸರೆ ಇಲ್ಲದ ಪೋರ್ಸಲಿನ್ ಖಡಕ್ ರೊಟ್ಟಿಗೋ ಕಬ್ಬು ಸಿಗಿಯುವಾಗಲೋ ಹಾರಿಹೋಗುತ್ತದೆ. ಅಗ್ಗದ ನಿಕಲ್-ಕ್ರೋಮ್ ಹಾಕುವ ಮೊದಲು ನಕಲಿ ಒಡವೆಯಿಂದ ಕಿವಿ ತುರಿಸುತ್ತದೆಯೇ, ವಾಚಿನ ಬೆಲ್ಟಿನಡಿ ಕೆಂಪಾಗುತ್ತದೆಯೇ ಎಂದು ಕೇಳಿ. ಹೌದೆಂದರೆ ನಿಕಲ್ ಬೇಡವೇ ಬೇಡ.

ಕೂರಿಸುವ ದಿನ ಸ್ಕ್ರೂಗೆ ಆಯಾ ಕಂಪನಿ ಹೇಳಿದ ಟಾರ್ಕ್ (ತಿರುಗಿಸಿ ಬಿಗಿಯುವ ಬಲ), ಹೆಚ್ಚಾಗಿ 30-35 ನ್ಯೂಟನ್ ಸೆಂಟಿಮೀಟರ್. ಹತ್ತು ನಿಮಿಷ ಬಿಟ್ಟು ಅಷ್ಟೇ ಟಾರ್ಕ್ ಮತ್ತೊಮ್ಮೆ. ಎಳೆಗಳು ಒಂದಕ್ಕೊಂದು ಒಗ್ಗಿ ಮೊದಲ ಬಿಗಿತ ಸ್ವಲ್ಪ ಇಳಿದಿರುತ್ತದೆ. ಹಲ್ಲಿನ ಬೇರಿನ ಸುತ್ತಲಿನ ಮೆತ್ತೆ ಇಂಪ್ಲಾಂಟಿಗೆ ಇಲ್ಲ. ಆದ್ದರಿಂದ ಹಲ್ಲುಗಳ ನಡುವೆ ಇಟ್ಟ 8 ಮೈಕ್ರಾನ್ ದಪ್ಪದ ಶಿಮ್‌ಸ್ಟಾಕ್ ಹಾಳೆ ಹಗುರ ಕಚ್ಚಿದಾಗ ಜಾರಿ ಬರಬೇಕು, ಗಟ್ಟಿ ಕಚ್ಚಿದಾಗ ಹಿಡಿಯಬೇಕು. ಜಿರ್ಕೋನಿಯಾ ಉಜ್ಜಬೇಕಾದರೆ ನುಣುಪು ಡೈಮಂಡ್ ಬರ್ (ತಿರುಗಿ ಉಜ್ಜುವ ತುದಿ), ನೀರು ಧಾರಾಳ, ನಂತರ ಡೈಮಂಡ್ ರಬ್ಬರಿನ ಪಾಲಿಶ್ ಕಡ್ಡಾಯ. ಒರಟು ಬಿಟ್ಟರೆ ಎದುರಿನ ಹಲ್ಲನ್ನು ತಿನ್ನುತ್ತದೆ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಪೋರ್ಸಲಿನ್‌ಗಿಂತ ಕಡಿಮೆ ಸವೆಸುತ್ತದೆ. ಸ್ಕ್ರೂ ತೂತಿಗೆ ಟೆಫ್ಲಾನ್, ಮೇಲೆ 2-3 ಮಿ.ಮೀ. ಕಾಂಪೊಸಿಟ್.

ಕಡೆಗೆ ರೋಗಿಯ ಕೈಗೊಂದು ಚೀಟಿ: ಇಂಪ್ಲಾಂಟಿನ ಕಂಪನಿ, ವ್ಯಾಸ, ಲಾಟ್ ನಂಬರಿನ ಸ್ಟಿಕ್ಕರ್, ಸ್ಕ್ರೂ ತಿರುಗಿಸಲು ಯಾವ ಡ್ರೈವರ್, ಎಷ್ಟು ಟಾರ್ಕ್, ಒಳಗೆ ಯಾವ ಸಿಮೆಂಟ್. ಪುಣೆಗೋ ಸೈನ್ಯದ ಪೋಸ್ಟಿಂಗಿಗೋ ಹೋದವರ ಸ್ಕ್ರೂ ಅಲ್ಲಿ ಸಡಿಲಾದರೆ, ಡ್ರೈವರ್ ಗೊತ್ತಿಲ್ಲದ ಡಾಕ್ಟರು ಕ್ಯಾಪನ್ನೇ ಕತ್ತರಿಸಬೇಕಾಗುತ್ತದೆ. ಲೋಹದ ಕ್ಯಾಪಾದರೆ ಕಾರ್ಬೈಡ್ ಬರ್‌ಗೆ ಬಗ್ಗುತ್ತದೆ. ಜಿರ್ಕೋನಿಯಾಕ್ಕೆ ಡೈಮಂಡ್ ಬರ್‌ಗಳ ಮೇಲೆ ಡೈಮಂಡ್ ಬರ್ ಸವೆಯುತ್ತವೆ.