ಗಾಳಿಗೆ ಸರಿಯುತ್ತಿದ್ದ ಗುಂಡು ಹತೋಟಿಗೆ ಬಂದದ್ದು ಹೀಗೆ

300 ಮೀಟರ್ ದೂರದಲ್ಲಿ ನನ್ನ .223 ರೈಫಲ್ಲಿನ ಹೊಡೆತಗಳು ಬಲಕ್ಕೆ ಸರಿಯುತ್ತಲೇ ಇದ್ದವು. ಟ್ರಿಗರ್ ಎಳೆಯುವುದರಲ್ಲೇ ತಪ್ಪಿದೆ ಅಂದುಕೊಂಡು ವಾರಗಟ್ಟಲೆ ಅದನ್ನೇ ತಿದ್ದಿದೆ. ಒಂದು ದಿನ ಪ್ರತಿ ಹೊಡೆತಕ್ಕೂ ಗಾಳಿಯ ದಿಕ್ಕು ತೋರುವ ಬಾವುಟ ನೋಡಿ ಬರೆದಿಟ್ಟೆ. ಎಡದಿಂದ ಬೀಸುವ ಗಾಳಿ ಜೋರಾದಾಗಲೆಲ್ಲ ಗುರಿಕಾಗದದ ಮೇಲೆ ರಂಧ್ರ ಬಲಕ್ಕೆ!

ನಾನು ಬಳಸುತ್ತಿದ್ದದ್ದು ಹಿಂಬದಿ ಚಪ್ಪಟೆಯಾದ 55 ಗ್ರೇನ್ (ಗುಂಡಿನ ತೂಕದ ಸಣ್ಣ ಅಳತೆ) ಗುಂಡು. ಹೊರಡುವಾಗ ವೇಗ ಹೆಚ್ಚು, ಆದರೆ ಬೇಗ ಕುಗ್ಗುತ್ತದೆ. ಗಾಳಿ ಗುಂಡನ್ನು ಸುಮ್ಮನೆ ಪಕ್ಕಕ್ಕೆ ತಳ್ಳುತ್ತದೆ ಎಂಬ ನನ್ನ ತಿಳಿವಳಿಕೆಯೇ ತಪ್ಪಾಗಿತ್ತು. ಗುರಿ ತಲುಪಲು ನಿರ್ವಾತದಲ್ಲಿ ಹಿಡಿಯುತ್ತಿದ್ದ ಸಮಯಕ್ಕಿಂತ ಗುಂಡು ಎಷ್ಟು ತಡವಾಯಿತೋ, ಅದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿತ, ಅಂದರೆ ಗುಂಡು ಪಕ್ಕಕ್ಕೆ ಸರಿಯುವ ದೂರ, ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ 0.1 ಸೆಕೆಂಡ್ ತಡವಾದರೆ 40 ಸೆಂಟಿಮೀಟರ್.

ಹಾಗಾದರೆ ವೇಗ ಬೇಗ ಕುಗ್ಗದಂತೆ ಭಾರದ ಗುಂಡೇ ಪರಿಹಾರ ಎಂದು 80 ಗ್ರೇನ್ ತಂದೆ. ಕಾಗದದ ಮೇಲೆ ಕೆಲವು ರಂಧ್ರಗಳು ದುಂಡಗಿರದೆ ಮೊಟ್ಟೆಯಾಕಾರದಲ್ಲಿದ್ದವು, ಗುಂಡು ಓಲಾಡುತ್ತಿತ್ತು. ನನ್ನ ನಳಿಗೆಯ ತಿರುವು (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರುಗಳು) 9 ಇಂಚಿಗೆ ಒಂದು ಸುತ್ತು; ಅಷ್ಟು ಉದ್ದದ ಗುಂಡಿಗೆ ಇನ್ನೂ ಬಿಗಿಯಾದ ತಿರುವು ಬೇಕು.

ಕೊನೆಗೆ 69 ಗ್ರೇನ್, ಚೂಪು ಮೂತಿ, ದೋಣಿಯಂತೆ ಕಿರಿದಾಗುವ ಹಿಂಬದಿ. ರಂಧ್ರಗಳು ದುಂಡಗಾದವು, ಸರಿತ ಎದ್ದು ಕಾಣುವಷ್ಟು ಇಳಿಯಿತು. ಗಾಳಿ ಓದುವುದನ್ನಂತೂ ಬಿಟ್ಟಿಲ್ಲ, ಬಾವುಟದ ಟಿಪ್ಪಣಿ ಈಗಲೂ ನಡೆದೇ ಇದೆ.