ತಗಡಿನ ಕತ್ತರಿ ಕೊಳ್ಳೋಕೆ ಹೋಗುವಾಗ ಜೇಬಲ್ಲಿ ಒಂದು ತುಂಡು ತಗಡು ಇರಲಿ

ಮೇ ತಿಂಗಳು ಬಂತು ಅಂದರೆ ಮುಂಬೈಯಲ್ಲಿ ಎಲ್ಲರ ಬಾಯಲ್ಲೂ ಪತ್ರಾ. ಇಲ್ಲಿ ಪತ್ರಾ ಅಂದರೆ ಕಾಗದ ಅಲ್ಲ, ತಗಡಿನ ಶೀಟು. ಜೂನ್ ಎರಡನೇ ವಾರ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಕಿಟಕಿ ಮೇಲೆ, ಗ್ಯಾಲರಿ ಮೇಲೆ, ನೀರಿನ ಟಾಕಿ ಪಕ್ಕ ಒಂದೊಂದು ಶೀಟು ಏರಬೇಕು. ನಮ್ಮ ಚಾಲಿನಲ್ಲೇ, ಅಂದರೆ ವಠಾರದಲ್ಲೇ, ಇರುವ ಅಥಣಿ ಕಡೆಯ ಹುಡುಗ ಮೊನ್ನೆ ಬಂದು, "ಅಣ್ಣಾ, ಕೂಲಿಯವರು ಸಿಗ್ತಾ ಇಲ್ಲ, ನಾನೇ ಕತ್ತರಿಸ್ತೀನಿ, ಯಾವ ಕತ್ತರಿ ತಗೊಳ್ಳಲಿ?" ಅಂದ. ನಾನು ಸಾಕಿನಾಕಾದ ಒಂದು ಗಾಲಾದಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನಲ್ಲಿ, ಎಸಿ ಡಕ್ಟ್ (ತಣ್ಣನೆ ಗಾಳಿ ಹೋಗುವ ತಗಡಿನ ಕೊಳವೆ) ಮಾಡುವವನು. 18 ವರ್ಷದಿಂದ ದಿನವೂ ಹಿಡಿಯುವ ಸಾಮಾನು ಇದು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

"ಕಬ್ಬಿಣ ಕೊಯ್ಯುವ ಗ್ರೈಂಡರ್ ಇದೆಯಲ್ಲ, ಕತ್ತರಿ ಯಾಕೆ?" ಅಂತ ಬಹಳ ಜನ ಕೇಳುತ್ತಾರೆ. ದಪ್ಪ ಕಬ್ಬಿಣಕ್ಕೆ ಗ್ರೈಂಡರ್ ಸರಿ. ಆದರೆ ಜಿಐ ಶೀಟಿಗೂ (ಸತು ಲೇಪಿಸಿದ ಕಬ್ಬಿಣದ ತಗಡು) ಬಣ್ಣದ ಶೀಟಿಗೂ ಅದು ಶತ್ರು. ಒಂದು ವರ್ಷ ನಮ್ಮ ಅಡುಗೆಮನೆ ಕಿಟಕಿ ಮೇಲಿನ ನೀಲಿ ಶೀಟನ್ನು ಅವಸರದಲ್ಲಿ ಗ್ರೈಂಡರ್‌ನಲ್ಲೇ ಕೊಯ್ದೆ. ಮಳೆ ಶುರುವಾಗಿ ಕೆಲವೇ ದಿನಕ್ಕೆ ಶೀಟಿನ ಮೇಲೆಲ್ಲ ಕಂದು ಚುಕ್ಕೆ ಎದ್ದವು, ಕೊಯ್ದ ಅಂಚು ಪೂರ್ತಿ ತುಕ್ಕು. ಕಾರಣ ಸರಳ. ಗ್ರೈಂಡರ್ ಬಿಸಿಗೆ ಅಂಚಿನಲ್ಲಿರುವ ಸತುವೂ ಬಣ್ಣವೂ ಸುಟ್ಟುಹೋಗುತ್ತವೆ. ಹಾರುವ ಕಿಡಿಗಳು ಕಾದ ಕಬ್ಬಿಣದ ಪುಡಿ, ಅವು ಬಣ್ಣದ ಮೇಲೆ ಅಂಟಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಕತ್ತರಿಯಲ್ಲಿ ಬಿಸಿ ಇಲ್ಲ, ಕಿಡಿ ಇಲ್ಲ. ತೆಳು ಶೀಟಾದರೆ ಪಕ್ಕದ ಸತುವೇ ಕೊಯ್ದ ಅಂಚನ್ನೂ ಸಾಕಷ್ಟು ಕಾಯುತ್ತದೆ. ಸಮುದ್ರದ ಉಪ್ಪುಗಾಳಿ ಇರುವ ಊರಲ್ಲಿ ಇದು ಸಣ್ಣ ಮಾತಲ್ಲ.

ಈಗ ಕತ್ತರಿ. ಅದಕ್ಕೂ ಮೊದಲು ಶೀಟು ಎಷ್ಟು ದಪ್ಪ ಅಂತ ಗೊತ್ತಿರಬೇಕು. ದಪ್ಪವನ್ನು ಗೇಜ್ ನಂಬರಿನಲ್ಲಿ ಹೇಳುತ್ತಾರೆ. ಆ ನಂಬರ್ ಜಾಸ್ತಿ ಆದಷ್ಟೂ ಶೀಟು ತೆಳು, ಹೊಸಬರು ಇಲ್ಲೇ ಎಡವುತ್ತಾರೆ. ಬ್ರಿಟಿಷ್ ಗೇಜ್ ಲೆಕ್ಕದಲ್ಲಿ 26 ಅಂದರೆ 0.46 ಮಿಲಿಮೀಟರ್, 24 ಅಂದರೆ 0.56, 22 ಅಂದರೆ 0.71, 20 ಅಂದರೆ 0.91, 18 ಅಂದರೆ 1.22. ಅಮೆರಿಕದ ಲೆಕ್ಕದಲ್ಲಿ ಜಿಐ ಶೀಟಿನ 18 ಗೇಜ್ ಅಂದರೆ ಸುಮಾರು 1.31 ಮಿಲಿಮೀಟರ್. ಒಂದೇ ನಂಬರ್, ದಪ್ಪ ಬೇರೆ! ಅದಕ್ಕೇ ಅಂಗಡಿಯಲ್ಲಿ ಗೇಜ್ ಕೇಳಬೇಡಿ, ಮಿಲಿಮೀಟರ್ ಕೇಳಿ. ಆಗಲೂ ಅನುಮಾನ ಇದ್ದರೆ ಮೈಕ್ರೋಮೀಟರ್ ಇರುವವರ ಹತ್ತಿರ ಅಳೆಸಿ. ಚಾವಣಿಗೆ ಹಾಕುವ ಬಣ್ಣದ ಶೀಟು ಸಾಮಾನ್ಯವಾಗಿ 0.35ರಿಂದ 0.50 ಮಿಲಿಮೀಟರ್ ಒಳಗೇ ಇರುತ್ತದೆ. ಅದನ್ನು ಕೈಕತ್ತರಿ ಆರಾಮಾಗಿ ಕತ್ತರಿಸುತ್ತದೆ.

ಕತ್ತರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನಮ್ಮ ಹಳೆಯ ತಗಡಿನ ಕತ್ತರಿ, ಇಲ್ಲಿಯವರು ಪತ್ರಾ ಕಾತ್ರಿ ಅನ್ನುತ್ತಾರೆ, ಅಂಗಡಿಯಲ್ಲಿ ಟಿನ್ ಕಟರ್ ಅಂದರೂ ಕೊಡುತ್ತಾರೆ. ನೋಡೋಕೆ ದೊಡ್ಡ ಬಟ್ಟೆ ಕತ್ತರಿ ಥರ, ನಡುವೆ ಒಂದೇ ಬೋಲ್ಟು, ಸ್ಪ್ರಿಂಗ್ ಇರುವುದಿಲ್ಲ. 8, 10, 12, 14 ಇಂಚಿನಲ್ಲಿ ಸಿಗುತ್ತದೆ. ನಾನು ಹೇಳುವುದು 12 ಇಂಚು. ಅದರ ಅಲಗು ಸುಮಾರು 3 ಇಂಚು ಕತ್ತರಿಸುತ್ತದೆ, ಹಾಗಾಗಿ ಉದ್ದದ ನೇರ ಗೆರೆ ಬೇಗ ಮುಗಿಯುತ್ತದೆ, ಅಂಚೂ ನಯವಾಗಿ ಬರುತ್ತದೆ. 8 ಇಂಚಿನದು ಅಗ್ಗ, ಕೈಗೂ ಹಗುರ, ಆದರೆ ಹಿಡಿ ಗಿಡ್ಡ ಆದ್ದರಿಂದ ಎಲ್ಲ ಭಾರ ಮುಂಗೈ ಮೇಲೆ ಬೀಳುತ್ತದೆ. ಎಣ್ಣೆ ಡಬ್ಬ ಕತ್ತರಿಸೋಕೆ ಸಾಕು, ಶೀಟಿಗೆ ಬೇಡ.

ಇನ್ನೊಂದು ಏವಿಯೇಷನ್ ಸ್ನಿಪ್. ವಿಮಾನ ಕಟ್ಟುವಾಗ ಅಲ್ಯೂಮಿನಿಯಂ ಶೀಟು ಕತ್ತರಿಸೋಕೆ ಅಂತ ಹುಟ್ಟಿದ್ದು, ಹೆಸರೂ ಅಲ್ಲಿಂದಲೇ ಬಂತು. ಇದರಲ್ಲಿ ಒಂದರ ಮೇಲೊಂದು ಸನ್ನೆ (ಲಿವರ್) ಕೂಡಿಸಿರುತ್ತಾರೆ, ಅದರಿಂದ ಕೈಯ ಒತ್ತಡ ಹಲವು ಪಟ್ಟಾಗಿ ಅಲಗಿಗೆ ಹೋಗುತ್ತದೆ. ಸುಮಾರು 10 ಇಂಚಿನ ಸಾಮಾನು, ಅಲಗು ಒಂದೂವರೆ ಇಂಚು ಅಷ್ಟೇ. ಅಲಗಿನಲ್ಲಿ ಸಣ್ಣ ಹಲ್ಲು ಇರುತ್ತವೆ, ಶೀಟು ಜಾರದ ಹಾಗೆ ಹಿಡಿಯುತ್ತವೆ, ಆದರೆ ಅಂಚಿನಲ್ಲಿ ಹಲ್ಲಿನ ಗುರುತು ಬಿಡುತ್ತವೆ. ಕಣ್ಣಿಗೆ ಕಾಣುವ ಅಂಚಾದರೆ ಆಮೇಲೆ ಅರ ಉಜ್ಜಬೇಕು. ಅರವನ್ನು ಇಲ್ಲಿ ಕಾನಸ್ ಅಂತ ಕೇಳಿ, ತಕ್ಷಣ ಕೊಡುತ್ತಾರೆ.

ಹಿಡಿಯ ಬಣ್ಣ ಅಂದಕ್ಕಲ್ಲ. ಹಳದಿ ನೇರಕ್ಕೆ, ಕೆಂಪು ಎಡಕ್ಕೆ ತಿರುಗೋಕೆ, ಹಸಿರು ಬಲಕ್ಕೆ ತಿರುಗೋಕೆ. ತಗಡು ಬಟ್ಟೆಯ ಹಾಗೆ ಬಾಗಿ ದಾರಿ ಬಿಡುವುದಿಲ್ಲ, ಅಲ್ವಾ? ಅದಕ್ಕೇ ಯಾವ ಕಡೆ ತಿರುಗುತ್ತೀರೋ ಆ ಕಡೆಗೆ ತಗಡನ್ನು ಸರಿಸಿಕೊಡುವ ಹಾಗೆ ಅಲಗು ಜೋಡಿಸಿರುತ್ತಾರೆ. ತಪ್ಪು ಬಣ್ಣ ಹಿಡಿದು ತಿರುಗಿಸಿದರೆ ಶೀಟು ಅಲಗಿನ ನಡುವೆ ಸಿಕ್ಕಿಕೊಂಡು ಮಡಚಿಹೋಗುತ್ತದೆ. ಮೂರೂ ಬಣ್ಣದ ಸೆಟ್ ಮಾರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹಳದಿಗೆ ದುಡ್ಡು ಹಾಕಬೇಡಿ. ಕೆಂಪೂ ಹಸಿರೂ ನೇರವಾಗಿಯೂ ಕತ್ತರಿಸುತ್ತವೆ. ಅವೆರಡು ತಗೊಂಡು, ಹಳದಿಗೆ ಇಟ್ಟ ದುಡ್ಡಿಗೆ 12 ಇಂಚಿನ ಸಾದಾ ಕತ್ತರಿ ಸೇರಿಸಿ. ಮನೆ ಕೆಲಸಕ್ಕೆ ಈ ಮೂರರ ಆಚೆ ಬೇಕಾಗುವುದು ಅಪರೂಪ. ಒಂದೇ ತಗೊಳ್ಳೋಕೆ ಆಗೋದು ಅಂದರೆ, ನೇರ ಕೊಯ್ತ ಮಾತ್ರ ಇದ್ದರೆ ಸಾದಾ ಕತ್ತರಿ, ಉಬ್ಬು ತಗ್ಗಿನ ಚಾವಣಿ ಶೀಟಾದರೆ ಕೆಂಪು ಇಲ್ಲವೇ ಹಸಿರು. ಅಂಥ ಶೀಟಿನ ಉಬ್ಬನ್ನು ಅಡ್ಡಕ್ಕೆ ಕೊಯ್ಯುವಾಗ ಉದ್ದ ಅಲಗು ಇಳಿಯುವುದೇ ಇಲ್ಲ, ಗಿಡ್ಡ ಮೂತಿಯದೇ ಬೇಕು.

ಹಿಡಿ ಅಲಗಿಗಿಂತ ಮೇಲಕ್ಕೆ ಎದ್ದಿರುವ ಆಫ್‌ಸೆಟ್ ಸ್ನಿಪ್ ಅಂತಲೂ ಬರುತ್ತದೆ. ದೊಡ್ಡ ಶೀಟಿನ ನಡುವೆ ಉದ್ದಕ್ಕೆ ಹೋಗುವಾಗ ಬೆರಳು ಅಂಚಿಗೆ ಉಜ್ಜುವುದಿಲ್ಲ. ಡಕ್ಟ್ ಕೆಲಸದಲ್ಲಿ ನನಗೆ ಅದಿಲ್ಲದೆ ಆಗುವುದೇ ಇಲ್ಲ.

ಸ್ಟೀಲು, ಅಂದರೆ ಪಾತ್ರೆಯ ಸ್ಟೇನ್‌ಲೆಸ್ ಸ್ಟೀಲು, ಬೇರೆಯೇ ಪ್ರಾಣಿ. ಕೊಯ್ಯುತ್ತ ಹೋದ ಹಾಗೆ ಅಂಚು ಗಟ್ಟಿಯಾಗುತ್ತದೆ. ಸಾಮಾನ್ಯ ಏವಿಯೇಷನ್ ಸ್ನಿಪ್ ಮೇಲೆ ಸಾದಾ ಕಬ್ಬಿಣಕ್ಕೆ 18 ಗೇಜ್, ಸ್ಟೇನ್‌ಲೆಸ್‌ಗೆ 22 ಗೇಜ್ ಅಂತ ಬರೆದಿರುತ್ತದೆ. ಅದು ಕೊನೆಯ ಮಿತಿ, ದಿನದ ಕೆಲಸದ ಅಳತೆ ಅಲ್ಲ. ನಾನು ಯಾವಾಗಲೂ ಎರಡು ಗೇಜ್ ತೆಳುವಿಗೇ ನಿಲ್ಲುತ್ತೇನೆ, 18 ಅಂತ ಬರೆದಿದ್ದರೆ 20ಕ್ಕಿಂತ ದಪ್ಪದ್ದಕ್ಕೆ ಕೈ ಹಾಕುವುದಿಲ್ಲ. ಅದಕ್ಕೂ ದಪ್ಪ ಇದ್ದರೆ ಹತ್ತಿರದ ಫ್ಯಾಬ್ರಿಕೇಷನ್ ಅಂಗಡಿಗೆ ಒಯ್ದು ಮಷೀನ್‌ನಲ್ಲಿ ಕೊಯ್ಸಿಕೊಂಡು ಬನ್ನಿ. ಹಿಡಿಗೆ ಪೈಪು ಸಿಕ್ಕಿಸಿ ಒತ್ತುವುದು, ಸುತ್ತಿಗೆಯಿಂದ ಹೊಡೆಯುವುದು ಬೇಡವೇ ಬೇಡ. ಹಾಗೆಯೇ ತಂತಿ, ಮೊಳೆ ಇದರಲ್ಲಿ ಕತ್ತರಿಸಬೇಡಿ. ಒಂದೇ ಸಲಕ್ಕೆ ಅಲಗಿನಲ್ಲಿ ಗುಳಿ ಬೀಳುತ್ತದೆ, ಆಮೇಲೆ ಪ್ರತಿ ಕೊಯ್ತದಲ್ಲೂ ಆ ಜಾಗದಲ್ಲಿ ತಗಡು ಹರಿಯುತ್ತದೆ.

ಕೊಳ್ಳೋಕೆ ನಾನು ಹೋಗುವುದು ನಾಗದೇವಿ ಸ್ಟ್ರೀಟಿಗೆ. ಮಸೀದಿ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋಗಬಹುದು, ಭಾನುವಾರ ಬಿಟ್ಟು ಹೋಗಿ. ಆನ್‌ಲೈನ್ ಬೆಲೆ ಕಡಿಮೆ ಕಾಣಬಹುದು, ಆದರೆ ಕತ್ತರಿಯನ್ನು ಕೈಯಲ್ಲಿ ಹಿಡಿಯದೆ ಕೊಳ್ಳಬೇಡಿ. ನೀವು ಕತ್ತರಿಸಬೇಕಾದ ಶೀಟಿನದ್ದೇ ಒಂದು ಭಂಗಾರ್ (ಗುಜರಿ) ತುಂಡನ್ನು ದಪ್ಪ ಕಾಗದದಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯವರ ಒಪ್ಪಿಗೆ ಕೇಳಿ ಅಲ್ಲೇ ಕತ್ತರಿಸಿ ನೋಡಿ. ಮೊದಲು ಕಾಗದ: ಅಲಗಿನ ತುದಿಯಲ್ಲಿ ಕಾಗದ ಕತ್ತರಿಸಬೇಕು, ಮಡಚಿಕೊಂಡರೆ ಅಲಗು ಸರಿಯಾಗಿ ಕೂಡುತ್ತಿಲ್ಲ ಅಂತ ಅರ್ಥ. ಆಮೇಲೆ ತಗಡು. ನಡುವಿನ ಬೋಲ್ಟು ಅಲ್ಲಾಡಬಾರದು, ಬಿಗಿ ಮಾಡುವ ಹಾಗೂ ಇರಬೇಕು. ರಿವಿಟ್ ಹೊಡೆದು ಮುಚ್ಚಿದ್ದಾದರೆ ಸಡಿಲ ಆದ ದಿನವೇ ಅದರ ಆಯಸ್ಸು ಮುಗಿಯಿತು. ಪೂರ್ತಿ ತೆರೆದಾಗ ಹಿಡಿ ನಿಮ್ಮ ಅಂಗೈಗೆ ಸಿಗುತ್ತದಾ ನೋಡಿ. ಕೈ ಸಣ್ಣದಾದರೆ ಇದು ಬ್ರ್ಯಾಂಡಿಗಿಂತ ಮುಖ್ಯ. ಹಿಡಿಯನ್ನು ಮುಚ್ಚಿ ಹಿಡಿಯುವ ಚಿಲಕ ಒಂದೇ ಹೆಬ್ಬೆರಳಲ್ಲಿ ಬಿಚ್ಚಬೇಕು. ಏಣಿ ಮೇಲೆ ನಿಂತಾಗ ಇನ್ನೊಂದು ಕೈ ಖಾಲಿ ಇರುವುದಿಲ್ಲ.

ಕತ್ತರಿಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ: ಅಲಗನ್ನು ತುದಿಯವರೆಗೆ ಮುಚ್ಚಬೇಡಿ. ಮುಕ್ಕಾಲು ಭಾಗ ಮುಚ್ಚಿ, ತೆರೆದು, ಮುಂದಕ್ಕೆ ತಳ್ಳಿ. ತುದಿ ಮುಚ್ಚಿದ ಕಡೆಯೆಲ್ಲ ಒಂದೊಂದು ಚಿಕ್ಕ ಕೊಕ್ಕೆ ಏಳುತ್ತದೆ, ಅದೇ ಆಮೇಲೆ ಬೆರಳು ಕೊಯ್ಯುವುದು. ಹೊಸ ಸ್ನಿಪ್‌ನಿಂದ ಮೊದಲು ಒಂದು ತುಂಡು ಕೊಯ್ದು ನೋಡಿ, ಒಂದು ಬದಿ ಚಪ್ಪಟೆ ಉಳಿಯುತ್ತದೆ, ಇನ್ನೊಂದು ಸುರುಳಿಯಾಗುತ್ತದೆ. ಬೇಕಾದ ಭಾಗ ಚಪ್ಪಟೆ ಬದಿಗೆ ಬರುವ ಹಾಗೆ ಗೆರೆ ಹಾಕಿ. ಗೆರೆ ಮಾರ್ಕರ್‌ನಲ್ಲಿ ಹಾಕಿ, ಸೀಸದ ಪೆನ್ಸಿಲ್ ಬೇಡ. ಸತು ಅಲ್ಯೂಮಿನಿಯಂ ಲೇಪದ ಶೀಟಿನಲ್ಲಿ ಪೆನ್ಸಿಲ್ ಗೆರೆಯ ಜಾಗವೇ ಕೆಡುತ್ತದೆ. ದುಂಡಗೆ ಬೇಕಾದರೆ ಮೊದಲು ಕಾಲಿಂಚು ಹೊರಗೆ ಒರಟಾಗಿ ಕೊಯ್ದು, ಆಮೇಲೆ ಗೆರೆ ಮೇಲೆ ಬನ್ನಿ. ಒಳಗಿನ ತೂತಾದರೆ ಡ್ರಿಲ್‌ನಲ್ಲಿ ದಾರಿ ಮಾಡಿ, ಅಲ್ಲಿಂದ ಸುತ್ತುತ್ತ ಗೆರೆ ತಲುಪಿ.

ಕೈಗೆ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ. ಗ್ಲೌಸ್ ಹಾಕದೆ ತಗಡಿನ ಸಪೂರ ಪಟ್ಟಿಯನ್ನು ಎಳೆದು ಅಂಗೈ ಸೀಳಿಸಿಕೊಂಡವರನ್ನು ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ, ದಯವಿಟ್ಟು ಇದನ್ನು ಹಗುರಾಗಿ ತಗೋಬೇಡಿ.

ಕೆಲಸ ಆದ ಮೇಲೆ ಒರೆಸಿ, ಬೋಲ್ಟಿಗೆ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಡಿ, ಮಳೆಗಾಲದಲ್ಲಿ ಅಲಗಿಗೂ ಸವರಿ. ಸಾದಾ ಕತ್ತರಿ ಮೊಂಡಾದರೆ ಹೊರಗಿನ ಇಳಿಜಾರು ಮುಖವನ್ನು ಮಾತ್ರ ಅರದಲ್ಲಿ ಉಜ್ಜಬೇಕು, ಒಳಗಿನ ಚಪ್ಪಟೆ ಮುಖ ಮುಟ್ಟಿದರೆ ಎರಡು ಅಲಗಿನ ನಡುವೆ ಸಂದು ಬೀಳುತ್ತದೆ. ಹಲ್ಲಿನ ಸ್ನಿಪ್ ಮೊಂಡಾದರೆ ಹೊಸದು ತಗೊಳ್ಳುವುದೇ ಸರಿ.

ಅಥಣಿ ಹುಡುಗ ಶನಿವಾರ ನಾಗದೇವಿಗೆ ಹೋಗಿ ಬಂದ. ಅವನದು 0.45ರ ಉಬ್ಬು ಶೀಟು, ಹಸಿರು ಹಿಡಿಯದು ತಂದಿದ್ದಾನೆ. ಅದಕ್ಕೂ ಮೊದಲು ಮೂರು ಅಂಗಡಿಯಲ್ಲಿ ಕಾಗದ ಕತ್ತರಿಸಿ ನೋಡಿದನಂತೆ.