ಹಾಟ್ ಆಯಿಲ್ ಲೈನ್‌ಗೆ ಫಿಲ್ಟರ್ ಆರಿಸಿದ್ದು ಹೀಗೆ

ಗೌರಿಬಿದನೂರಿನಲ್ಲಿ ನಮ್ಮದು ಬಟ್ಟೆ ಪ್ರೊಸೆಸಿಂಗ್ ಘಟಕ. ಬಟ್ಟೆಯನ್ನು ಹಿಗ್ಗಿಸಿ ಹಿಡಿದು ಒಣಗಿಸುವ ಯಂತ್ರ ಸ್ಟೆಂಟರ್. ಅದಕ್ಕೆ ಬಿಸಿ ಬರುವುದು ಸೌದೆ ಉರಿಸಿ ಎಣ್ಣೆ ಕಾಯಿಸುವ ಥರ್ಮಿಕ್ ಫ್ಲೂಯಿಡ್ ಹೀಟರ್‌ನಿಂದ. ಎಣ್ಣೆ 250 ಡಿಗ್ರಿ ಆಸುಪಾಸಿನಲ್ಲಿ ಸುತ್ತುತ್ತಿರುತ್ತದೆ. ಬರುಬರುತ್ತಾ ಸ್ಟೆಂಟರ್‌ನ ಚೇಂಬರ್ ಬಿಸಿಯಾಗಲು ಜಾಸ್ತಿ ಹೊತ್ತು ಹಿಡಿಯತೊಡಗಿತು. ಪಂಪಿನ ಮುಂದಿನ ಸ್ಟ್ರೈನರ್ (ಕಸ ತಡೆಯುವ ಜಾಲರಿ) ಬಿಚ್ಚಿದರೆ ಕಾಫಿ ಗಸಿಯಂಥ ಕಪ್ಪು ಪುಡಿ, ಅಂದರೆ ಸೀದ ಎಣ್ಣೆಯ ಇಂಗಾಲ.

“ಸಾರ್, ಸ್ಟ್ರೈನರ್‌ಗೇ ಸಣ್ಣ ಜಾಲರಿ ಹಾಕಿಬಿಡೋಣ” ಅಂದರು ನಮ್ಮ ಫಿಟ್ಟರ್. ನಾನು ಒಪ್ಪಲಿಲ್ಲ. ಎಣ್ಣೆಯೆಲ್ಲ ಆ ಜಾಲರಿಯ ಮೂಲಕವೇ ಹೋಗಬೇಕು. ಅದು ಕಟ್ಟಿದರೆ ಹೀಟರ್ ಒಳಗಿನ ಸುರುಳಿ ಪೈಪಿನಲ್ಲಿ (ಕಾಯಿಲ್) ಹರಿವು ಕಡಿಮೆಯಾಗುತ್ತದೆ. ಪೈಪಿನ ಗೋಡೆಗೆ ತಾಗಿದ ಎಣ್ಣೆ ಅತಿಯಾಗಿ ಕಾದು ಸೀಯುತ್ತದೆ, ಇಂಗಾಲ ಇನ್ನೂ ಹೆಚ್ಚುತ್ತದೆ. ಸ್ಟ್ರೈನರ್‌ನ 40 ಮೆಶ್ (ಇಂಚಿಗೆ 40 ಕಿಂಡಿ) ಜಾಲರಿಯ ಒಂದು ಕಿಂಡಿ ಸುಮಾರು 400 ಮೈಕ್ರಾನ್, ಅಂದರೆ 0.4 ಮಿ.ಮೀ. ವೆಲ್ಡಿಂಗ್ ಚೂರು, ತುಕ್ಕು ಪಂಪಿಗೆ ಬಡಿಯದಂತೆ ತಡೆಯಲು ಅಷ್ಟು ಸಾಕು.

ಮೊದಲು ಎಣ್ಣೆಯನ್ನು ಲ್ಯಾಬ್‌ಗೆ ಕಳಿಸಿದೆವು. ಸ್ಯಾಂಪಲ್ಲನ್ನು ಓಡುತ್ತಿರುವ ಲೈನಿನಿಂದ, ಕೂಲರ್ ಮೂಲಕ ತಣಿಸಿಯೇ ತೆಗೆಯಬೇಕು. ಕಾದು ಹಿಗ್ಗಿದ ಎಣ್ಣೆಗೆ ಜಾಗ ಕೊಡುವ ಎಕ್ಸ್‌ಪಾನ್ಶನ್ ಟ್ಯಾಂಕಿನ ನಿಂತ ಎಣ್ಣೆ ನಿಜ ಹೇಳುವುದಿಲ್ಲ. ಆಮ್ಲದ ಅಂಶ ಹೆಚ್ಚಿದ್ದರೆ ಟ್ಯಾಂಕಿನಲ್ಲಿ ಬಿಸಿ ಎಣ್ಣೆಗೆ ಗಾಳಿ ತಾಗುತ್ತಿದೆ ಎಂದರ್ಥ. ನಮ್ಮಲ್ಲಿ ಅದು ಕಡಿಮೆಯೇ ಇತ್ತು, ಕಾರ್ಬನ್ ರೆಸಿಡ್ಯೂ (ಉಳಿಯುವ ಇಂಗಾಲದ ಅಂಶ) ಮಾತ್ರ ಜಾಸ್ತಿ. ಅಂದರೆ ಎಣ್ಣೆ ಎಲ್ಲೋ ಸೀದಿದೆ. ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ, ಒಲೆಯಲ್ಲಿನ ಕೆಂಡ ಆರುವುದಿಲ್ಲ ಅಲ್ವಾ? ನಿಂತ ಎಣ್ಣೆ ಕಾಯಿಲ್‌ನಲ್ಲೇ ಬೇಯುತ್ತದೆ. ಹಾಗಾಗಿ ಫಿಲ್ಟರ್ ತರುವ ಮೊದಲೇ, ಕರೆಂಟ್ ಹೋದ ಕೂಡಲೇ ತಾನಾಗಿ ಚಾಲೂ ಆಗುವ ಡೀಸೆಲ್ ಪಂಪ್ ಹಾಕಿಸಿದೆವು. ಇದಿಲ್ಲದೆ ಎಷ್ಟು ಸೋಸಿದರೂ ವ್ಯರ್ಥ.

ಆಮೇಲೆ ಸೈಡ್ ಸ್ಟ್ರೀಮ್ ಫಿಲ್ಟರ್, ಅಂದರೆ ಎಣ್ಣೆಯ ಒಂದು ಪಾಲನ್ನಷ್ಟೇ ಪಕ್ಕಕ್ಕೆ ಹರಿಸಿ ಸೋಸುವ ಫಿಲ್ಟರ್. ಪಂಪಿನ ಡಿಲಿವರಿಯಿಂದ (ಎಣ್ಣೆ ಹೊರಬರುವ ಕಡೆ) ಒಂದು ಕವಲು ತೆಗೆದು, ಸೋಸಿದ ಎಣ್ಣೆಯನ್ನು ಸಕ್ಷನ್‌ಗೆ (ಎಣ್ಣೆ ಎಳೆಯುವ ಕಡೆ) ವಾಪಸ್ ಕೊಟ್ಟೆವು. ಒಟ್ಟು ಹರಿವಿನ ಶೇ 5ರಿಂದ 10 ಇದರಲ್ಲಿ ಹೋದರೆ ಸಾಕು, ಸುತ್ತಿ ಸುತ್ತಿ ಎಣ್ಣೆಯೆಲ್ಲ ಒಮ್ಮೆ ಅದರೊಳಗೆ ಬಂದೇ ಬರುತ್ತದೆ. ಫಿಲ್ಟರ್ ಕಟ್ಟಿಕೊಂಡರೂ ಸ್ಟೆಂಟರ್ ನಿಲ್ಲುವುದಿಲ್ಲ. ಎರಡೂ ಬದಿಗೆ ವಾಲ್ವ್ ಇದ್ದರೆ ಆ ಕವಲನ್ನಷ್ಟೇ ಮುಚ್ಚಿ, ತಣಿಸಿ, ಒಳಗಿನ ಸೋಸುವ ಕೊಳವೆ (ಕಾರ್ಟ್ರಿಜ್) ಬದಲಿಸಬಹುದು.

ಕಾರ್ಟ್ರಿಜ್ ವಿಷಯದಲ್ಲಿ ಅಗ್ಗದ ಮಾತಿಗೆ ಕಿವಿ ಕೊಡಬೇಡಿ. ನೀರಿಗೆ ಬಳಸುವ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೇ ಕರಗುತ್ತದೆ. ಹತ್ತಿ ಕರಕಲಾಗುತ್ತದೆ. ಸ್ಟೀಲ್ ಕೋರ್ ಇರುವ ಗ್ಲಾಸ್ ಫೈಬರ್ ತಗೊಂಡೆವು. ಗ್ಯಾಸ್ಕೆಟ್ ರಬ್ಬರಿನದಲ್ಲ, ಗ್ರಾಫೈಟಿನದು. ಶುರುವಿನಲ್ಲೇ 10 ಮೈಕ್ರಾನ್ ಹಾಕಿದರೆ ಇಷ್ಟು ಕೊಳೆ ಎಣ್ಣೆಗೆ ತಕ್ಷಣ ಕಟ್ಟುತ್ತದೆ. 100ರಿಂದ ಶುರುಮಾಡಿ 25ಕ್ಕೆ, ಆಮೇಲೆ 10ಕ್ಕೆ ಇಳಿದೆವು. ಯಾವಾಗ ಬದಲಿಸಬೇಕೆಂದು ಫಿಲ್ಟರಿನ ಎರಡೂ ಕಡೆಯ ಪ್ರೆಶರ್ ಗೇಜ್‌ಗಳ ನಡುವಿನ ವ್ಯತ್ಯಾಸ ಹೇಳುತ್ತದೆ, ಕ್ಯಾಲೆಂಡರ್ ಅಲ್ಲ.

ಹೊಸ ಕಾರ್ಟ್ರಿಜ್ ಹಾಕಿದ ಮೇಲೆ ವಾಲ್ವನ್ನು ತುಂಬಾ ನಿಧಾನಕ್ಕೆ ತೆರೆಯಿರಿ. ಅದರಲ್ಲಿ ತೇವ ಇದ್ದರೆ ಬಿಸಿ ಎಣ್ಣೆ ತಾಗಿ ಒಮ್ಮೆಲೇ ಆವಿಯಾಗಿ ಉಕ್ಕುತ್ತದೆ. ಮತ್ತೆ, ಹೌಸಿಂಗ್‌ಗೆ (ಫಿಲ್ಟರಿನ ಹೊರಕವಚ) ಬಿಸಿ ಹೋಗದಂತೆ ಸುತ್ತುವ ಕಲ್ಲಿನ ನಾರು, ಅಂದರೆ ರಾಕ್ ವೂಲ್, ಸುತ್ತಬೇಡಿ. ಸೋರಿದ ಎಣ್ಣೆ ಅದರಲ್ಲಿ ಇಂಗಿದರೆ, ಕಿಡಿ ಇಲ್ಲದೆಯೂ ಒಳಗೊಳಗೇ ಬೆಂಕಿ ಹತ್ತುತ್ತದೆ. ನಮ್ಮದನ್ನು ಹಾಗೇ ಬಿಟ್ಟು, ಯಾರ ಕೈಯೂ ತಾಗದಂತೆ ಸುತ್ತ ಜಾಲರಿ ಕಟ್ಟಿದ್ದೇವೆ.